ಚಳಿಗೆ ಸ್ಟಾರ್ಟ್ ಆಗದ ಹಳೆ ಡೀಸೆಲ್ ಜೀಪಿಗೆ ಸ್ಪ್ರೇ ಹೊಡೆಯಬಹುದೇ? ಹೀಟರ್ ಪ್ಲಗ್ ಮಾಡುವ ಕೆಲಸವೇನು?

ಡಿಸೆಂಬರ್ ಬಂತೆಂದರೆ ಒಂದು ಬಗೆಯ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡತೊಡಗುತ್ತದೆ: "ಡೀಸೆಲ್ ಗಾಡಿ ಬೆಳಗ್ಗೆ ಸ್ಟಾರ್ಟ್ ಆಗದಿದ್ದರೆ ಏರ್ ಫಿಲ್ಟರ್ ಬಿಚ್ಚಿ, ಪೆಟ್ರೋಲ್‌ನಲ್ಲಿ ಅದ್ದಿದ ಬಟ್ಟೆ ಹಿಡಿಯಿರಿ. ಇಲ್ಲವೇ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಿರಿ. ಒಂದೇ ಸೆಲ್ಫ್‌ಗೆ ಎಂಜಿನ್ ಎದ್ದೇಳುತ್ತದೆ."

ಎಂಜಿನ್ ಎದ್ದೇಳುವುದು ಸುಳ್ಳಲ್ಲ. ಈ ಸಲಹೆ ಹರಡುವುದಕ್ಕೂ ಅದೇ ಕಾರಣ. ಆದರೆ ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ಹೀಗೆ ಮಾಡಿದರೆ ಪಿಸ್ಟನ್ ಒಡೆಯಬಹುದು, ಬೆಂಕಿ ಹಿಮ್ಮುಖವಾಗಿ ಚಿಮ್ಮಿ ಮುಖ ಸುಡಬಹುದು. ಏಕೆ ಎಂದು ತಿಳಿಯಲು ಹೀಟರ್ ಪ್ಲಗ್ ಏನು ಮಾಡುತ್ತದೆ ಎಂದು ನೋಡಬೇಕು. ಪುಸ್ತಕದಲ್ಲಿ ಇದರ ಹೆಸರು ಗ್ಲೋ ಪ್ಲಗ್. ಗ್ಯಾರೇಜಿನಲ್ಲಿ ಎಲ್ಲರೂ ಹೀಟರ್ ಎಂದೇ ಕರೆಯುತ್ತಾರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇದು ಬರೀ ಕುತೂಹಲದ ವಿಷಯವಲ್ಲ. ಅಡಿಕೆ ತೋಟದ ಮನೆಗಳು ಒಂದಕ್ಕೊಂದು ದೂರ ದೂರ. ಪೇಟೆಗೆ ಅಡಿಕೆ ಒಯ್ಯಲು, ಮಳೆಗಾಲದ ಕೆಸರು ದಾರಿ ಹತ್ತಲು, ನಡುರಾತ್ರಿ ಯಾರಿಗಾದರೂ ಎದೆ ನೋವು ಬಂದರೆ ಆಸ್ಪತ್ರೆಗೆ ಹೊರಡಲು ಅಂಗಳದಲ್ಲಿರುವ ಗಾಡಿಯೇ ಗತಿ. ದೊಡ್ಮನೆಯಂಥ ಘಟ್ಟದ ಅಂಚಿನ ಊರುಗಳಲ್ಲಿ ಆ ಗಾಡಿ ಎಷ್ಟೋ ಸಲ ಹಳೆಯ ಡೀಸೆಲ್ ಜೀಪೇ ಆಗಿರುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ನಂತೆ ಹೀಟರ್ ಪ್ಲಗ್ ಕಿಡಿ ಹಾರಿಸುವುದಿಲ್ಲ. ಡೀಸೆಲ್ ಎಂಜಿನ್‌ಗೆ ಕಿಡಿಯೇ ಬೇಡ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿರುತ್ತೀರಿ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಹಳೆಯ ಡೀಸೆಲ್ ಕಾರಿನ ಎಂಜಿನ್ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ. 15 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಹಾಗೆ ಒತ್ತಿದರೆ, ಶಾಖ ಎಲ್ಲಿಯೂ ಸೋರದಿದ್ದರೆ, ಅದು 600 ಡಿಗ್ರಿ ದಾಟಬೇಕು. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 200 ಡಿಗ್ರಿಗಿಂತ ತುಸು ಹೆಚ್ಚಿದ್ದರೆ ಸಾಕು. ಮತ್ತೆ ತೊಂದರೆ ಎಲ್ಲಿ?

ಶಾಖ ಸೋರುವುದರಲ್ಲಿ. ರಾತ್ರಿಯಿಡೀ ತಣ್ಣಗಾದ ಕಬ್ಬಿಣ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ತಣ್ಣಗಿನ ಬ್ಯಾಟರಿಗೆ ಕಸುವು ಕಡಿಮೆ, ಎಂಜಿನ್ ಆಯಿಲ್ ಗಟ್ಟಿ. ಹಾಗಾಗಿ ಸೆಲ್ಫ್ ನಿಧಾನ ತಿರುಗುತ್ತದೆ. ಎಂಜಿನ್ ನಿಧಾನ ತಿರುಗಿದಷ್ಟೂ ಪಿಸ್ಟನ್ ರಿಂಗುಗಳ ಸಂದಿನಿಂದ ಗಾಳಿ ಸೋರಲು, ಶಾಖ ಕಳೆಯಲು ಸಮಯ ಸಿಗುತ್ತದೆ. ಸಿಂಪಡಿಸಿದ ಡೀಸೆಲ್ ಆವಿಯಾಗಿ, ಗಾಳಿಯೊಂದಿಗೆ ಬೆರೆತು, ಹೊತ್ತಿಕೊಳ್ಳುವುದೆಲ್ಲ ಸೆಕೆಂಡಿನ ಸಣ್ಣದೊಂದು ಪಾಲಿನಲ್ಲಿ ಮುಗಿಯಬೇಕು. ಅಷ್ಟು ಬೇಗ ಆಗಬೇಕೆಂದರೆ 200 ಡಿಗ್ರಿ ಸಾಲದು.

ಇಲ್ಲಿ ಹಲವರು ಒಂದು ಪ್ರಶ್ನೆ ಕೇಳುತ್ತಾರೆ, ಒಳ್ಳೆಯ ಪ್ರಶ್ನೆಯೇ. ಲಾರಿ, ಟ್ರ್ಯಾಕ್ಟರ್ ಕೂಡ ಡೀಸೆಲ್ ತಾನೆ? ಅವುಗಳಲ್ಲಿ ಹೆಚ್ಚಿನವಕ್ಕೆ ಹೀಟರ್ ಪ್ಲಗ್ ಇಲ್ಲವಲ್ಲ? ಉತ್ತರ ಎಂಜಿನ್ನಿನ ಒಳಗಿನ ವಿನ್ಯಾಸದಲ್ಲಿದೆ. ಲಾರಿ, ಟ್ರ್ಯಾಕ್ಟರ್‌ಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲಿನ ಜಾಗಕ್ಕೆ ಬೀಳುತ್ತದೆ. ಹಳೆಯ ಡೀಸೆಲ್ ಕಾರುಗಳಲ್ಲಿ ಸದ್ದು ತಗ್ಗಿಸಲು, ಎಂಜಿನ್ ಬೇಗ ತಿರುಗುವಂತೆ ಮಾಡಲು, ಸಿಲಿಂಡರ್ ಹೆಡ್‌ನಲ್ಲಿ ಪುಟ್ಟದೊಂದು ಕೋಣೆ ಮಾಡಿ ಅದರೊಳಗೆ ಡೀಸೆಲ್ ಸಿಂಪಡಿಸುತ್ತಿದ್ದರು. ಡೀಸೆಲ್ ಅಂಬಾಸಿಡರ್, ಪ್ಯೂಜೋ ಎಂಜಿನ್ನಿನ ಮಹೀಂದ್ರ ಎಂಎಂ 540 ಜೀಪು, 1994ರಲ್ಲಿ ಬಂದ ಟಾಟಾ ಸುಮೊ, 1998ರ ಇಂಡಿಕಾ ಎಲ್ಲವೂ ಇದೇ ಬಗೆಯವು. ಕೋಣೆ ಚಿಕ್ಕದು, ಸುತ್ತಲೂ ಲೋಹದ ಗೋಡೆ. ದೊಡ್ಡ ಹಂಡೆಯ ನೀರಿಗಿಂತ ಚಿಕ್ಕ ಲೋಟದ ನೀರು ಬೇಗ ಆರುವಂತೆ ಇಲ್ಲಿಯ ಗಾಳಿಯೂ ಬೇಗ ತಣ್ಣಗಾಗುತ್ತದೆ.

ಆ ಕೋಣೆಯೊಳಗೆ ಬೆರಳಿನ ತುದಿಯಂತೆ ಚಾಚಿಕೊಂಡಿರುವುದೇ ಹೀಟರ್ ಪ್ಲಗ್. ಒಳಗಿರುವುದು ಸುರುಳಿ ತಂತಿ, ನೀರು ಕಾಯಿಸುವ ಕಾಯಿಲ್‌ನ ತಮ್ಮ ಎನ್ನಿ. ಬ್ಯಾಟರಿಯ ಕರೆಂಟ್ ಹರಿದಾಗ ತುದಿ 800 ಡಿಗ್ರಿಗೂ ಮೇಲೆ ಕಾದು ಕೆಂಪಗಾಗುತ್ತದೆ. ಕೋಣೆಯ ಗಾಳಿಗೆ ಕಳೆದುಕೊಂಡ ಬಿಸಿಯನ್ನು ಅದು ತುಂಬಿಕೊಡುತ್ತದೆ, ತುದಿಯ ಹತ್ತಿರ ಸುಳಿಯುವ ಡೀಸೆಲ್ ಮಂಜು ಬೇಗ ಆವಿಯಾಗಿ ಹೊತ್ತಿಕೊಳ್ಳುವಂತೆ ನೋಡಿಕೊಳ್ಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ಅದಕ್ಕೆ ಕೆಲಸವಿಲ್ಲ.

ಈಗ ಸ್ಪ್ರೇ ವಿಷಯಕ್ಕೆ ಬರೋಣ. ಸ್ಟಾರ್ಟಿಂಗ್ ಸ್ಪ್ರೇಯಲ್ಲಿ ಮುಖ್ಯವಾಗಿ ಇರುವುದು ಈಥರ್. ಅದು 160 ಡಿಗ್ರಿ ಆಸುಪಾಸಿನಲ್ಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಡೀಸೆಲ್ ಆದರೆ ಪಿಸ್ಟನ್ ಮೇಲಕ್ಕೆ ಬಂದಾಗ, ಪಂಪ್ ಕಳಿಸಿದ ಹೊತ್ತಿಗೆ ಮಾತ್ರ ಒಳಗೆ ಬರುತ್ತದೆ. ಈಥರ್ ಗಾಳಿಯ ಜತೆಗೇ ನುಗ್ಗುತ್ತದೆ, ಅದಕ್ಕೆ ಹೊತ್ತುಗೊತ್ತಿಲ್ಲ. ಎದುರಿಗೆ ಕೆಂಪಗೆ ಕಾದ ಪ್ಲಗ್ ಇದ್ದರೆ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸ್ಫೋಟಿಸಿ ಅದನ್ನು ಕೆಳಕ್ಕೆ ತಳ್ಳುತ್ತದೆ. ರಿಂಗ್ ಮುರಿಯುವುದು, ಕನೆಕ್ಟಿಂಗ್ ರಾಡ್ ಬಾಗುವುದು, ಹೆಡ್ ಬಿರುಕು ಬಿಡುವುದು ಹೀಗೆ. ಪೆಟ್ರೋಲ್ ಬಟ್ಟೆಯದೂ ಹೆಚ್ಚುಕಡಿಮೆ ಇದೇ ಕಥೆ. ಜತೆಗೆ ಬಟ್ಟೆಯೇ ಒಳಗೆ ಎಳೆದುಕೊಳ್ಳುವ ಭಯ, ಕೈಗೆ ಬೆಂಕಿ ಹತ್ತುವ ಭಯ. ಸ್ಪ್ರೇ ಡಬ್ಬಿಗಳ ಮೇಲೂ ಗ್ಲೋ ಪ್ಲಗ್ ಇರುವ ಎಂಜಿನ್‌ಗೆ ಬಳಸಬೇಡಿ ಎಂಬ ಎಚ್ಚರಿಕೆ ಸಾಮಾನ್ಯವಾಗಿ ಇರುತ್ತದೆ. ಫಾರ್ವರ್ಡ್‌ನಲ್ಲಿ ಮಾತ್ರ ಆ ಸಾಲು ಇರುವುದಿಲ್ಲ!

"ಚಳಿಗೆ ಡೀಸೆಲ್ ಹೆಪ್ಪುಗಟ್ಟಿದೆ" ಎನ್ನುವುದು ಇನ್ನೊಂದು ಮಾತು. ಲಡಾಖ್‌ನಲ್ಲಿ ಅದು ನಿಜ. ಮೈನಸ್ 33 ಡಿಗ್ರಿಯಲ್ಲೂ ಗಟ್ಟಿಯಾಗದ ಚಳಿಗಾಲದ ಡೀಸೆಲ್ ಅನ್ನು ಇಂಡಿಯನ್ ಆಯಿಲ್ 2019ರಲ್ಲಿ ಅಲ್ಲಿಗೆಂದೇ ತಂದಿತು. ನಮ್ಮ ಮಲೆನಾಡಿನ ಚಳಿ ಕಂಬಳಿ ಹೊದೆಯುವಷ್ಟು ಇರಬಹುದು, ಡೀಸೆಲ್ ಗಟ್ಟಿಯಾಗುವಷ್ಟು ಅಲ್ಲ. ಇಲ್ಲಿ ಗಾಡಿ ಹಟ ಹಿಡಿದರೆ ಮೊದಲು ಅನುಮಾನಿಸಬೇಕಾದದ್ದು ಬ್ಯಾಟರಿ ಮತ್ತು ಹೀಟರನ್ನು.

ಹೀಟರ್ ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಡ್ಯಾಶ್‌ಬೋರ್ಡಿನ ಸುರುಳಿ ಚಿಹ್ನೆಯ ದೀಪ ಹೊತ್ತಿ ಆರಿತು ಎಂದರೆ ಪ್ಲಗ್ ಸರಿ ಇದೆ ಎಂದಲ್ಲ. ಹಲವು ಗಾಡಿಗಳಲ್ಲಿ ಅದು ಬರೀ ಟೈಮರ್ ದೀಪ. ನಾಲ್ಕೂ ಪ್ಲಗ್ ಸತ್ತಿದ್ದರೂ ಅದು ತನ್ನ ಪಾಡಿಗೆ ಹೊತ್ತಿ ಆರುತ್ತದೆ. ಪೆನ್ಸಿಲ್ ಆಕಾರದ ಪ್ಲಗ್‌ಗಳಿಗೆ ಕರೆಂಟ್ ಬೇರೆ ಬೇರೆಯಾಗಿ ಹೋಗುವುದರಿಂದ ಒಂದು ಕೆಟ್ಟರೆ ಉಳಿದ ಮೂರು ದುಡಿಯುತ್ತವೆ. ಆಗ ಎಂಜಿನ್ ಎದ್ದರೂ ಕುಂಟುತ್ತ, ಬಿಳಿ ಹೊಗೆ ಉಗುಳುತ್ತ ಒಂದೆರಡು ನಿಮಿಷ ನಡುಗುತ್ತದೆ. ಆ ಬಿಳಿ ಹೊಗೆ ಉರಿಯದೆ ಹೊರಬಂದ ಡೀಸೆಲ್. ಅದಕ್ಕೂ ಹಳೆಯ, ಬರಿ ಸುರುಳಿಯ ಪ್ಲಗ್‌ಗಳನ್ನು ಸೀರಿಯಲ್ ಸೆಟ್ಟಿನ ಹಾಗೆ ಸಾಲಾಗಿ ಜೋಡಿಸುತ್ತಿದ್ದರು. ಅಲ್ಲಿ ಒಂದು ಹೋದರೆ ಎಲ್ಲವೂ ಹೋದಂತೆ.

ಪರೀಕ್ಷೆ ಸುಲಭ. ಪೆನ್ಸಿಲ್ ಪ್ಲಗ್‌ನ ವೈರ್ ಬಿಚ್ಚಿ, 12 ವೋಲ್ಟ್‌ನ ಟೆಸ್ಟ್ ಬಲ್ಬಿನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಪ್ಲಗ್‌ನ ತಲೆಗೆ ಮುಟ್ಟಿಸಿದರೆ ಬಲ್ಬ್ ಹೊತ್ತಬೇಕು. ಹೊತ್ತದಿದ್ದರೆ ಒಳಗಿನ ಸುರುಳಿ ತುಂಡಾಗಿದೆ. ಬಿಚ್ಚುವ ಕೆಲಸ ಮಾತ್ರ ಮೆಕ್ಯಾನಿಕ್‌ಗೆ ಬಿಡಿ. ವರ್ಷಗಟ್ಟಲೆ ಮಸಿ ಹಿಡಿದ ಪ್ಲಗ್ ಮುರಿದು ಒಳಗೇ ಉಳಿದರೆ ಹೆಡ್ ಬಿಚ್ಚಬೇಕಾದೀತು.

ಬ್ಯಾಟರಿ ಉಳಿಸಲೆಂದು ಹೀಟರ್ ವೈರ್ ಕಿತ್ತುಹಾಕುವವರೂ ಇದ್ದಾರೆ. ಇದು ತಿರುಗುಮುರುಗು ಲೆಕ್ಕ. ಪ್ಲಗ್‌ಗಳಿಗಿಂತ ಸೆಲ್ಫ್ ಮೋಟರ್ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಹೀಟರ್ ಇಲ್ಲದೆ ಹತ್ತು ಸಲ ಸೆಲ್ಫ್ ಹೊಡೆದರೆ ಬ್ಯಾಟರಿ ಬೇಗ ಬರಿದಾಗುತ್ತದೆ.

ಇನ್ನು ಮಲೆನಾಡಿನ ಹಳೆಯ ಉಪಾಯ: ರಾತ್ರಿ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಗ್ಗೆ ಉರುಳಿಸಿ ಗೇರಿಗೆ ಹಾಕಿ ಸ್ಟಾರ್ಟ್ ಮಾಡುವುದು. ಸೆಲ್ಫ್‌ಗಿಂತ ಇಳಿಜಾರು ಎಂಜಿನ್ನನ್ನು ಜೋರಾಗಿ ತಿರುಗಿಸುವುದರಿಂದ ಇದು ಕೆಲಸ ಮಾಡುತ್ತದೆ. ಆದರೆ ಬೂಸ್ಟರ್ ಬ್ರೇಕ್ ಇರುವ ಗಾಡಿಯಲ್ಲಿ ಎಂಜಿನ್ ಎದ್ದೇಳುವ ತನಕ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿ ಇರುತ್ತದೆ, ಪವರ್ ಸ್ಟೇರಿಂಗ್ ಕೂಡ ಭಾರ. ಅಂಗಳದ ಕೆಳಗೇ ತೋಟದ ಧರೆ ಇದ್ದರೆ ಹೀಗೆ ಉರುಳಿಸಬೇಡಿ. ಪಕ್ಕದ ಮನೆಯ ಬ್ಯಾಟರಿಗೆ ಜಂಪರ್ ವೈರ್ ಹಾಕಿ, ಹಳೆಯ ಗಾಡಿಯಾದರೆ ಹೀಟರ್‌ಗೆ ಹದಿನೈದು ಇಪ್ಪತ್ತು ಸೆಕೆಂಡ್ ಕೊಟ್ಟು, ಆಮೇಲೆ ಸೆಲ್ಫ್ ಹೊಡೆಯಿರಿ.