ಒಂದಂಕಿಯ ಲೆಕ್ಕ

ಕರ್ನಾಟಕದಲ್ಲಿ ಲಾಟರಿ ನಿಂತದ್ದು 2007ರ ಏಪ್ರಿಲ್‌ನಲ್ಲಿ. ನಮ್ಮ ಗೆಂಡೆಹಳ್ಳಿಯ ಮಕ್ಕಳಿಗೆ ಅದು ಅಜ್ಜಿಕತೆ. ಹಿರಿಯರು ಮಾತ್ರ ‘ಒಂದಂಕಿ’ಯನ್ನು ಮರೆತಿಲ್ಲ. ಆರಂಕಿಯೂ ಹೊಂದಬೇಕೆಂದರೆ 10 ಲಕ್ಷಕ್ಕೊಂದು ಅವಕಾಶ. ಸೋತವನು ಟಿಕೆಟ್ ಹರಿದು ಸುಮ್ಮನಾಗುತ್ತಾನೆ. ಕೊನೆಯ ಅಂಕಿಯೊಂದಕ್ಕೇ ಬಹುಮಾನವಿಟ್ಟರೆ ಹತ್ತಕ್ಕೊಬ್ಬ ಗೆಲ್ಲುತ್ತಾನೆ. ಗೆದ್ದವನು ಪಕ್ಕದಲ್ಲೇ ಕಾಣುತ್ತಾನಲ್ಲ, ತೋಟದ ಕೂಲಿ ಸಂಜೆಯೊಳಗೆ ಕರಗುತ್ತದೆ! 10 ರೂಪಾಯಿ ಟಿಕೆಟ್ಟಿಗೆ 100 ಕೊಟ್ಟರೆ ಲೆಕ್ಕ ಸಮ. ಅಷ್ಟನ್ನೂ ಹಂಚಿದರೆ ಸರ್ಕಾರಕ್ಕೇನು, ಏಜೆಂಟರಿಗೇನು ಉಳಿದೀತು, ನೀವೇ ಹೇಳಿ.

1998ರ ಕೇಂದ್ರ ಕಾಯ್ದೆ ಒಂದಂಕಿ ಬಹುಮಾನವನ್ನು ನಿಷೇಧಿಸಿತು. ಟಿಕೆಟ್ಟನ್ನು ಸರ್ಕಾರವೇ ಮುದ್ರಿಸಬೇಕು, ಯಾರೂ ಕೇಳದ ಬಹುಮಾನ ಖಜಾನೆಗೇ ಸೇರಬೇಕು, ಒಂದು ಲಾಟರಿಗೆ ವಾರಕ್ಕೊಂದೇ ಡ್ರಾ ಎಂದೂ ವಿಧಿಸಿತು. 1967ರಿಂದ ಲಾಟರಿಯನ್ನು ತಾನೇ ನಡೆಸುತ್ತಿರುವ ಕೇರಳ ಇದಕ್ಕೂ ದಾರಿ ಕಂಡುಕೊಂಡಿದೆ: ಅಲ್ಲಿ ವಾರದ ದಿನಕ್ಕೊಂದು ಹೆಸರಿನ ಲಾಟರಿ!