ಆ ಸ್ಕ್ರೂ ಮುಟ್ಟಬೇಡಿ ಸ್ವಾಮಿ!

ಹಳೇ ಕಾರ್ಬೊರೇಟರ್ ಮಾರುತಿ 800 ಚಳಿಯ ಬೆಳಗ್ಗೆ ಸ್ಟಾರ್ಟ್ ಆಗಿ, ಗಡಗಡ ನಡುಗಿ, ಆಫ್ ಆಯ್ತು ಅನ್ನಿ. ನಮ್ಮ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಎಷ್ಟೋ ಗ್ಯಾರೇಜುಗಳಲ್ಲಿ ಇದಕ್ಕೆ ಒಂದೇ ಮದ್ದು: ಐಡ್ಲಿಂಗ್ ಸ್ಕ್ರೂ ತಿರುವಿ ರೇಸ್ ಏರಿಸೋದು. ಇದೂ ಒಂದು ರಿಪೇರಿನಾ?

ತಣ್ಣಗಿರೋ ಎಂಜಿನ್ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗಲ್ಲ. ಚೋಕ್ ಇರೋದೇ ಅದಕ್ಕೆ, ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸೋಕೆ. ಅದು ಪೂರ್ತಿ ಮುಚ್ಚುತ್ತಾ? ವ್ಯಾಕ್ಯೂಮ್ ಪೈಪ್ ಸೀಳಿದೆಯಾ? ಪ್ಲಗ್ಗಲ್ಲಿ ಕಿಡಿ ಇದೆಯಾ? ಇರೋದೇ ಮೂರು ಸಿಲಿಂಡರ್, ಒಂದು ಮಲಗಿದರೂ ನಡುಕ ಗ್ಯಾರಂಟಿ!

ಸ್ಕ್ರೂ ಏರಿಸಿದರೆ ಎಂಜಿನ್ ಕಾದ ಮೇಲೂ ಅರಚುತ್ತೆ, ಪೆಟ್ರೋಲ್ ಕುಡಿಯುತ್ತೆ. ರೋಗ ಮಾತ್ರ ಹಾಗೇ. 2014ಕ್ಕೇ ತಯಾರಿಕೆ ನಿಂತ ಗಾಡಿ ಇಟ್ಟುಕೊಂಡವನಿಗೆ ಒಂದೊಂದು ಲೀಟರೂ ಲೆಕ್ಕವೇ. ಮೊದಲು ಚೋಕ್ ನೋಡಿಸಿ, ಆಮೇಲೆ ದುಡ್ಡು ಬಿಚ್ಚಿ. ಏನಂತೀರಿ?