ದವಡೆ ನೋವು: ಬೇಗ ತೋರಿಸಿ, ಶಸ್ತ್ರಚಿಕಿತ್ಸೆಗೆ ಆತುರ ಬೇಡ

ಕಿವಿನೋವೆಂದು ಕಿವಿಗೆ ಹನಿ ಹಾಕಿಸಿಕೊಂಡು, ಅದೂ ಆಗದೆ ಹಲ್ಲುನೋವೆಂದು ಗಟ್ಟಿಯಿದ್ದ ಹಲ್ಲನ್ನೇ ಕೀಳಿಸಿಕೊಂಡು, ಕೊನೆಗೆ ತೊಂದರೆ ಇರುವುದು ದವಡೆಯ ಕೀಲಿನಲ್ಲಿ ಎಂದು ತಿಳಿಯುವವರಿದ್ದಾರೆ. ಈ ಅಲೆದಾಟವನ್ನು ತಪ್ಪಿಸಬಹುದು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಅಲುಗಾಟ ಕೈಗೆ ಸಿಗುತ್ತದೆ. ಅದೇ ದವಡೆ ಕೀಲು. ತಲೆಬುರುಡೆಗೂ ಕೆಳದವಡೆಗೂ ನಡುವೆ ಅಲ್ಲೊಂದು ಮೆತ್ತನೆಯ ಬಿಲ್ಲೆ ಇದೆ. ಅದು ಜಾಗ ತಪ್ಪಿದರೆ ‘ಲಟಕ್’ ಎಂಬ ಸದ್ದು ಬರುತ್ತದೆ; ಅಡ್ಡ ನಿಂತರೆ ಬಾಯಿ ಪೂರ್ತಿ ತೆರೆಯದು. ಎಷ್ಟೋ ಜನರಲ್ಲಿ ನೋವಿನ ಮೂಲ ಕೀಲೂ ಅಲ್ಲ. ಹಗಲೆಲ್ಲ ಹಲ್ಲು ಕಚ್ಚಿ ಹಿಡಿದು, ರಾತ್ರಿ ಹಲ್ಲು ಕಡಿದು ಬಿಗಿದುಕೊಂಡ ಸ್ನಾಯು.

ನೋವಿಲ್ಲದ ಬರೀ ಸದ್ದಿಗೆ ಹೆದರಬೇಕಿಲ್ಲ. ಆದರೆ ಅಗಿಯುವಾಗ ನೋವು, ಬೆಳಿಗ್ಗೆ ಎದ್ದಾಗ ದವಡೆ ಬಿಗಿತ, ಆಕಳಿಸಿದಾಗ ಬಾಯಿ ಸಿಕ್ಕಿಕೊಳ್ಳುವುದು ಪದೇ ಪದೇ ಆದರೆ ದಂತವೈದ್ಯರಿಗೆ ತೋರಿಸಬೇಕು. ಎದೆ ಬಿಗಿತ, ಬೆವರಿನ ಜೊತೆ ದವಡೆ ನೋವು ಬಂದರೆ ಅದು ಹೃದಯಾಘಾತವಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹೆಚ್ಚಿನವರಿಗೆ ಸರಳ ಆರೈಕೆಯೇ ಸಾಕು. ಕೆಲವು ವಾರ ಇಡ್ಲಿ, ಮುದ್ದೆ, ಮೆತ್ತಗಿನ ಅನ್ನ ತಿನ್ನಿ. ಚಕ್ಕುಲಿ, ಕಬ್ಬು ಬಿಡಿ. ಬಿಸಿ ಶಾಖ ಕೊಡಿ. ಆಕಳಿಸುವಾಗ ಗಲ್ಲಕ್ಕೆ ಕೈ ಆಸರೆ ಇರಲಿ. ಸುಮ್ಮನಿರುವಾಗ ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ. ಬೇಕಿದ್ದರೆ ವೈದ್ಯರು ದವಡೆಯ ವ್ಯಾಯಾಮ, ಕೆಲವು ದಿನದ ನೋವಿನ ಮಾತ್ರೆ, ರಾತ್ರಿ ಹಾಕಿಕೊಳ್ಳುವ ಹಲ್ಲಿನ ಕವಚ ಸೂಚಿಸುತ್ತಾರೆ.

ಎಚ್ಚರ ಬೇಕಿರುವುದು ಹಿಂದಕ್ಕೆ ತರಲಾಗದ ಚಿಕಿತ್ಸೆಗಳ ಬಗ್ಗೆ. 1980ರ ದಶಕದಲ್ಲಿ ಅಮೆರಿಕದ ವೈಟೆಕ್ ಕಂಪನಿಯ ಟೆಫ್ಲಾನ್ ಮಿಶ್ರಿತ ಕೃತಕ ಬಿಲ್ಲೆಯನ್ನು ಸಾವಿರಾರು ಜನರ ದವಡೆಗೆ ಕೂರಿಸಲಾಯಿತು. ಅದು ಚೂರುಚೂರಾಗಿ ಸುತ್ತಲಿನ ಮೂಳೆಯನ್ನೇ ಸವೆಸಿತು. 1990ರ ದಶಕದ ಆರಂಭದಲ್ಲಿ ಅದನ್ನು ವಾಪಸ್ ಪಡೆಯಬೇಕಾಯಿತು. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ನಿಜ. ಆದರೆ ನೋವಿಗೆಂದು ಹಲ್ಲು ತೇಯ್ದು ಕಚ್ಚುವಿಕೆ ಬದಲಿಸುವ, ಕೀಲು ಕೊಯ್ಯುವ ಸಲಹೆ ಬಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲೇಬೇಕು.

ನಮ್ಮಲ್ಲಿ ಇನ್ನೊಂದು ಅಪಾಯವಿದೆ. ಅಡಿಕೆ, ಗುಟ್ಕಾ ಜಗಿಯುವ ಕೆಲವರಿಗೆ ಖಾರ ತಿಂದರೆ ಬಾಯಿ ಉರಿಯುತ್ತದೆ, ಕೆನ್ನೆಯ ಒಳಪದರ ಬಿಳಿಚಿ ಗಟ್ಟಿಯಾಗುತ್ತದೆ, ಬಾಯಿ ದಿನೇ ದಿನೇ ಕಿರಿದಾಗುತ್ತದೆ. ಇದು ಕೀಲಿನ ದೋಷವಲ್ಲ, ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ. ತೋರು, ನಡು, ಉಂಗುರ ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮುಂಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ ಪರೀಕ್ಷೆ ತಡಮಾಡಬೇಡಿ.

ಕರ್ನಾಟಕ ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ. ಇಲ್ಲಿನ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ರೋಗಿಯ ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆದು ಬರೆದಿಡುವ ರೂಢಿ ಬರಬೇಕು. ಅದಕ್ಕೆ ದುಬಾರಿ ಯಂತ್ರ ಬೇಡ, ಒಂದು ಅಳತೆಪಟ್ಟಿ ಸಾಕು. ಆರೋಗ್ಯ ಇಲಾಖೆ ಈ ಕೆಲಸವನ್ನು ಮುಂದೂಡಬಾರದು.